ಕೆಲವು ಸಾಲುಗಳಲ್ಲಿ ಮಾತ್ರ ಜಿಲ್ಲೆಯ ಹೆಸರು ಬದಲಿಸಬೇಕು: ಪೈಥಾನ್‌ನಲ್ಲಿ ಹೇಗೆ?

ರೇಷ್ಮೆಗೂಡು, ಶಿಡ್ಲಘಟ್ಟ
2007ಕ್ಕಿಂತ ಹಿಂದಿನ ಊರುಪಟ್ಟಿ ಟೆಕ್ಸ್ಟ್ ಫೈಲಿನಲ್ಲಿದೆ. ಪ್ರತಿ ಸಾಲಿನಲ್ಲಿ ಊರು, ತಾಲ್ಲೂಕು, ಜಿಲ್ಲೆ, ನಡುವೆ ಕಾಮಾ. ಚಿಕ್ಕಬಳ್ಳಾಪುರ ಜಿಲ್ಲೆಗೆ ಹೋದ ಆರು ತಾಲ್ಲೂಕುಗಳಿಗೂ ‘ಕೋಲಾರ’ ಎಂದೇ ಇದೆ. ರಿಪ್ಲೇಸ್ ಹಾಕಿದರೆ ಮಾಲೂರು, ಮುಳಬಾಗಿಲಿನ ಸಾಲುಗಳೂ ಬದಲಾಗುತ್ತವೆ. ಅದೇ ಫೈಲನ್ನು ಬರೆಯಲೆಂದು ‘ಡಬ್ಲ್ಯೂ’ ಮೋಡಿನಲ್ಲಿ ತೆರೆದರೆ ಖಾಲಿಯಾಗುತ್ತದೆ. ಏನು ಮಾಡಲಿ?

ಕೆರೆಕೋಡಿ, ಕೋಲಾರ
ಡಬ್ಲ್ಯೂ ಮೋಡಿನಲ್ಲಿ ತೆರೆದ ಕ್ಷಣವೇ ಹಳೆಯದೆಲ್ಲ ಅಳಿಯುತ್ತದೆ, ಓದಲು ಏನೂ ಉಳಿದಿರುವುದಿಲ್ಲ. ಇದ್ದಲ್ಲೇ ತಿದ್ದುವುದೂ ಆಗದು: ‘ಕೋಲಾರ’ ಇದ್ದ ಜಾಗದಲ್ಲಿ ‘ಚಿಕ್ಕಬಳ್ಳಾಪುರ’ ಹಿಡಿಸುವುದಿಲ್ಲ, ಮುಂದಿನ ಅಕ್ಷರಗಳನ್ನು ತುಳಿಯುತ್ತದೆ. ಒಂದೊಂದೇ ಸಾಲು ಓದಿ, ಅದೇ ಫೋಲ್ಡರಿನಲ್ಲಿ ಇನ್ನೊಂದು ಫೈಲಿಗೆ ಬರೆಯಿರಿ. ಎರಡನ್ನೂ ಮುಚ್ಚಿದ ಮೇಲೆ ಓಎಸ್ ಮಾಡ್ಯೂಲಿನ ರಿಪ್ಲೇಸ್‌ನಿಂದ ಹೊಸದಕ್ಕೆ ಹಳೆಯ ಹೆಸರು ಕೊಡಿ. ವಿಂಡೋಸ್‌ನಲ್ಲಿ ಮುಚ್ಚುವುದು ಮರೆತರೆ ಅನುಮತಿಯಿಲ್ಲ ಎಂದು ನಿಲ್ಲುತ್ತದೆ.

ಸಾಲನ್ನು ಸ್ಪ್ಲಿಟ್‌ನಿಂದ ಕಾಮಾ ಇದ್ದಲ್ಲಿ ಒಡೆದು, ಪ್ರತಿ ತುಂಡಿಗೂ ಸ್ಟ್ರಿಪ್ ಹಾಕಿ. ಹಾಕದಿದ್ದರೆ ಕಾಮಾದ ಪಕ್ಕದ ಖಾಲಿ ಜಾಗ ತುಂಡಿಗೆ ಅಂಟಿಕೊಂಡಿದ್ದು ಹೋಲಿಕೆ ತಪ್ಪುತ್ತದೆ, ಕೊನೆಯ ತುಂಡಿನಲ್ಲಿ ಸಾಲುಮುರಿತದ ಅಕ್ಷರವೂ ಉಳಿಯುತ್ತದೆ. ಆರು ತಾಲ್ಲೂಕುಗಳ ಸೆಟ್‌ನಲ್ಲಿ ಎರಡನೆಯ ತುಂಡು ಇದ್ದರೆ ಮಾತ್ರ ಮೂರನೆಯದನ್ನು ಬದಲಿಸಿ, ಜಾಯಿನ್ ಮಾಡಿ, ಸಾಲುಮುರಿತ ಸೇರಿಸಿ ಬರೆಯಿರಿ. ಓದುವಾಗ, ಬರೆಯುವಾಗ ಎರಡು ಕಡೆಯೂ ಎನ್‌ಕೋಡಿಂಗ್ ಯುಟಿಎಫ್-8 (ಕನ್ನಡ ಅಕ್ಷರಗಳನ್ನೂ ಉಳಿಸುವ ಪದ್ಧತಿ) ಎಂದು ಹೇಳಲೇಬೇಕು.

ರೇಷ್ಮೆಗೂಡು
ಕೆಲಸ ಆಯಿತು, ಆದರೆ ಬಾಗೇಪಲ್ಲಿಯ ಕೆಲವು ಸಾಲು ಬಿಟ್ಟುಹೋಗಿವೆ. ಮೊದಲು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಪದದ ಎರಡೂ ಬದಿಗೆ, ಪದದ ಗಡಿ ಹುಡುಕುವ ಬ್ಯಾಕ್‌ಸ್ಲ್ಯಾಶ್-ಬಿ ಹಾಕಿ ನೋಡಿದ್ದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮಾತ್ರ ಸಿಕ್ಕವು.

ನಂದಿತಪ್ಪಲು, ಚಿಕ್ಕಬಳ್ಳಾಪುರ
ಎರಡಕ್ಕೂ ಕಾರಣ ಕನ್ನಡದ ಸ್ವರಚಿಹ್ನೆಗಳೇ. ‘ಗೇ’ಯ ಏತ್ವ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವ ಮತ್ತು ದೀರ್ಘದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಕೆಗೆ ಬೇರೆ. ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ‘ಎನ್‌ಎಫ್‌ಸಿ’ ಕೊಟ್ಟು (ಎರಡಾಗಿ ಬರೆದದ್ದನ್ನು ಒಂದೇ ಸಂಕೇತಕ್ಕೆ ಕೂಡಿಸುತ್ತದೆ) ಸಾಲನ್ನೂ ಸೆಟ್ಟಿನ ಹೆಸರುಗಳನ್ನೂ ಹಾಯಿಸಿ. ನಿಮ್ಮ ಆರರಲ್ಲಿ ಈ ತೊಂದರೆ ಬಾಗೇಪಲ್ಲಿಗೆ ಮಾತ್ರ.

ಬ್ಯಾಕ್‌ಸ್ಲ್ಯಾಶ್-ಬಿ ವಿಷಯ: ಪೈಥಾನ್‌ನ ಆರ್‌ಇ ಮಾಡ್ಯೂಲ್ ಸ್ವರಚಿಹ್ನೆಯನ್ನು ಪದದ ಅಕ್ಷರವೆಂದು ಎಣಿಸುವುದಿಲ್ಲ. ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ ಮುಗಿಯುವುದೇ ಸ್ವರಚಿಹ್ನೆಯಲ್ಲಿ. ಅದರ ಮುಂದಿನ ಕಾಮಾ ಕೂಡ ಪದದ ಅಕ್ಷರವಲ್ಲ, ಹಾಗಾಗಿ ಅಲ್ಲಿ ಗಡಿಯೇ ಬೀಳದು. ‘ರ’, ‘ಟ್ಟ’ದಲ್ಲಿ ಮುಗಿದವು ಸಿಕ್ಕಿದ್ದು ಅದಕ್ಕೇ. ಕನ್ನಡಕ್ಕೆ ಅದನ್ನು ನೆಚ್ಚಬೇಡಿ, ಕಾಮಾದಲ್ಲಿ ಒಡೆಯುವುದೇ ಸರಿ.

ಕಲ್ಪತರು, ತುಮಕೂರು
ಹೆಸರಿನ ಕಾಗುಣಿತವೂ ನೋಡಿ. ‘ಸಿಡ್ಲಘಟ್ಟ’ ಎಂದೂ ಬರೆದಿರುತ್ತಾರೆ, ಸೆಟ್‌ಗೆ ಅದನ್ನೂ ಸೇರಿಸಿ. ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿಟ್ಟುಕೊಂಡು, ಹಳೆಯದರ ಹೊಸದರ ಸಾಲುಗಳ ಲೆಕ್ಕ ತಾಳೆಯಾದ ಮೇಲಷ್ಟೇ ನಕಲು ಅಳಿಸಿ.