ಮಂಚ, ಪಲ್ಲಂಗ, ಕಾಟು, ತಿಜೋರಿ: ಹಳೇ ಮಲಗುವ ಕೋಣೆ ಸಾಮಾನಿನ ಪದಗಳ ಬಗ್ಗೆ

ಗೆಳೆಯರೇ, ನಮಸ್ಕಾರ. ಧಾರವಾಡದಿಂದ ಬರೆಯುತ್ತಿದ್ದೇನೆ. 1950-60ರ ದಶಕದ ಮಲಗುವ ಕೋಣೆಯ ಸಾಮಾನು ಕೂಡಿಸುವ ಹವ್ಯಾಸ ನನ್ನದು. ಮಂಚ, ಕಪಾಟು, ಕನ್ನಡಿ ಟೇಬಲ್ಲು, ಹಾಸಿಗೆ ಪಕ್ಕದ ಸಣ್ಣ ಟೇಬಲ್ಲು, ಇಂಥವು. ಈಗ ಒಂದೊಂದಕ್ಕೂ ಒಂದು ಚೀಟಿ ಬರೆದಿಡಬೇಕು ಅಂತ ಕೂತಿದ್ದೇನೆ. ಏನು ಸಾಮಾನು, ಯಾವ ಮರ, ಎಲ್ಲಿಂದ ಬಂತು, ಏನೇನು ರಿಪೇರಿ ಆಗಿದೆ. ಚೀಟಿ ಕನ್ನಡದಲ್ಲೇ ಇರಬೇಕು ಅನ್ನುವುದು ನನ್ನ ಆಸೆ. ಕೆಲವಕ್ಕೆ ಎರಡು-ಮೂರು ಪದ ಇವೆ, ಕೆಲವಕ್ಕೆ ಒಂದೂ ಇಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ಶೈಲಿಯ ಹೆಸರೇ ನೋಡಿ. ಇಂಗ್ಲಿಷಿನಲ್ಲಿ ಮಿಡ್-ಸೆಂಚುರಿ ಮಾಡರ್ನ್ ಅನ್ನುತ್ತಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಪ್ಪತ್ತು-ಇಪ್ಪತ್ತೈದು ವರ್ಷ ಅಮೆರಿಕ, ಡೆನ್ಮಾರ್ಕ್, ಇಂಗ್ಲೆಂಡುಗಳಲ್ಲಿ ಜೋರಾಗಿ ನಡೆದ ಮಾದರಿ ಇದು. ಕೆತ್ತನೆ ಇಲ್ಲ, ಗೆರೆ ನೇರ, ಕಾಲು ಸಣ್ಣ, ಕೆಳಗೆ ಕಸಬರಿಗೆ ಸರಾಗ ಆಡುವಷ್ಟು ಜಾಗ. ಆ ಕಾಲದಲ್ಲಿ ಮಾಡಿದವರು, ಕೊಂಡವರು ಯಾರೂ ಈ ಹೆಸರು ಹೇಳುತ್ತಿರಲಿಲ್ಲ, ಸುಮ್ನೆ ಮಾಡರ್ನ್ ಅಥವಾ ಕಂಟೆಂಪರರಿ ಅನ್ನುತ್ತಿದ್ದರು. 1984ರಲ್ಲಿ ಕಾರಾ ಗ್ರೀನ್‌ಬರ್ಗ್ ಇದೇ ಹೆಸರಿಟ್ಟು ಪುಸ್ತಕ ತಂದ ಮೇಲೆ ಅದು ಬಳಕೆಗೆ ಬಂದು ಗಟ್ಟಿಯಾಯಿತು. ಅದನ್ನು ನಾವು ‘ಶತಮಾನಮಧ್ಯದ ಆಧುನಿಕ ಪೀಠೋಪಕರಣ’ ಅಂತ ಬರೆದರೆ ವ್ಯಾಕರಣ ಸರಿ ಇರಬಹುದು, ಆದರೆ ಅರ್ಥ ಯಾರ ತಲೆಗೂ ಹತ್ತುವುದಿಲ್ಲ. ಯಾವ ಶತಮಾನದ ಮಧ್ಯ? ಇನ್ನು ಆಧುನಿಕ ಅಂದರೆ ನಮ್ಮ ಮಂದಿಗೆ ಹೊಚ್ಚ ಹೊಸದು, ಪ್ಲೈವುಡ್ಡು, ಸನ್‌ಮೈಕಾ. ಎಪ್ಪತ್ತು ವರ್ಷದ ಸಾಗವಾನಿ (ತೇಗ) ಮಂಚಕ್ಕೆ ಆಧುನಿಕ ಅಂದರೆ ಮಾರುವವನೂ ಒಪ್ಪಲ್ಲ, ಕೊಳ್ಳುವವನೂ ಒಪ್ಪಲ್ಲ.

ನಮ್ಮ ಬಡಿಗರ ಬಾಯಲ್ಲಿ ಇದಕ್ಕೆ ಬಹಳ ಸರಳ ಮಾತಿದೆ. ಕೆತ್ತನೆ ಇದ್ದರೆ ‘ನಕ್ಷಿ ಕೆಲಸ’, ಇಲ್ಲದಿದ್ದರೆ ‘ಸಾದಾ ಕೆಲಸ’. ಸಾದಾ ಅಂದರೆ ಕಡಿಮೆ ಅಂತಲ್ಲ. ನನ್ನ ಸಾಮಾನು ರಿಪೇರಿ ಮಾಡುವ ಹಿರಿಯ ಬಡಿಗರು ಹೇಳಿದ್ದು ಕೇಳಿ: “ನಕ್ಷ್ಯಾಗ ತಪ್ಪು ಮುಚ್ಚಬಹುದ್ರೀ, ಸಾದಾದಾಗ ಎಲ್ಲಾ ಕಾಣತೈತಿ.” ಈ ಶೈಲಿಯ ಜೀವಾಳವನ್ನೇ ಅವರು ಹೇಳಿಬಿಟ್ಟರು ಅನ್ನಿಸಿತು. ಹಾಗಾಗಿ ಚೀಟಿಯಲ್ಲಿ ‘ಐವತ್ತು-ಅರವತ್ತರ ಸಾದಾ ಕೆಲಸ’ ಅಂತ ಬರೆಯುತ್ತಿದ್ದೇನೆ. ಪಾಶ್ಚಾತ್ಯ ಶೈಲಿಯ ಹೆಸರು ಹೇಳಲೇಬೇಕಾದ ಕಡೆ ಮಿಡ್-ಸೆಂಚುರಿ ಅಂತಲೇ ಇಡುತ್ತೇನೆ. ಇದಕ್ಕಿಂತ ಒಳ್ಳೆಯದು ಗೊತ್ತಿದ್ದರೆ ಹೇಳಿ, ಆದರೆ ನಿಘಂಟಿನಿಂದ ಹೊಲಿದದ್ದು ಬೇಡ, ಯಾರಾದರೂ ಆಡಿದ ಮಾತು ಬೇಕು.

ಈ ಕಡೆ ಇಂಥ ಸಾಮಾನು ಸಿಗುವುದಕ್ಕೆ ಕಾರಣ ಇದೆ. 1950ರ ಹೊತ್ತಿಗೆ ಆಕಾಶವಾಣಿ, ಕರ್ನಾಟಕ ವಿಶ್ವವಿದ್ಯಾಲಯ ಎರಡೂ ಧಾರವಾಡಕ್ಕೆ ಬಂದವು, 1957ರಲ್ಲಿ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಶುರುವಾಯಿತು, ರೈಲ್ವೆಯವರಂತೂ ಮೊದಲಿಂದ ಇದ್ದರು. ಕ್ವಾರ್ಟರ್ಸ್ ಎದ್ದವು, ಒಮ್ಮೆಲೇ ಜಾಸ್ತಿ ಮಂಚ, ಕಪಾಟು ಬೇಕಾದವು. ದಾಂಡೇಲಿ ಕಾಡಿನ ಸಾಗವಾನಿ ಪಕ್ಕದಲ್ಲೇ. ಸಾದಾ ಕೆಲಸಕ್ಕೆ ಬೇಡಿಕೆ ಬಂದದ್ದು ಹೀಗೇ ಅಂತ ನನ್ನ ಎಣಿಕೆ. (ತೇಗ ಅಂದರೆ ಇಲ್ಲಿ ಅರ್ಥವಾಗುತ್ತದೆ, ಆದರೆ ಅಂಗಡಿಯಲ್ಲಿ ಸಾಗವಾನಿ ಅಂತಲೇ ಕೇಳಬೇಕು. ಕಟ್ಟಿಗೆ ಅನ್ನುವುದೂ ಹಾಗೇ. ತೆಂಕಣದವರಿಗೆ ಅದು ಒಲೆಗೆ ಹಾಕುವುದು, ನಮಗೆ ಮಂಚವೂ ಕಟ್ಟಿಗೆಯದೇ.)

ಇನ್ನು ಮಂಚದ ವಿಷಯ. ಇಲ್ಲಿ ನಾಲ್ಕು ಪದ ಓಡಾಡುತ್ತವೆ: ಹೊರಸು, ಮಂಚ, ಪಲ್ಲಂಗ, ಕಾಟು. ಹೊರಸು ಅಂದರೆ ಹಗ್ಗ ಹೆಣೆದದ್ದು, ಅದರಲ್ಲಿ ಗೊಂದಲ ಇಲ್ಲ. ನವಾರ ಪಟ್ಟಿ (ಅಗಲದ ದಪ್ಪ ಬಟ್ಟೆ ಪಟ್ಟಿ) ಹೆಣೆದದ್ದಕ್ಕೆ ಕೆಲವರು ನವಾರ ಮಂಚ ಅನ್ನುತ್ತಾರೆ, ಅದನ್ನೂ ಹೊರಸು ಅನ್ನುವವರು ಇದ್ದಾರಾ? ಪಲ್ಲಂಗ ಸಂಸ್ಕೃತದ ಪರ್ಯಂಕ, ಪಲ್ಯಂಕದಿಂದ ಪ್ರಾಕೃತ, ಮರಾಠಿ ದಾಟಿ ಬಂದದ್ದು, ಪಲ್ಲಕ್ಕಿಯೂ ಅದೇ ಬುಡದ್ದು. ನನ್ನ ಕಿವಿಗೆ ಪಲ್ಲಂಗ ಅಂದರೆ ಎತ್ತರದ್ದು, ಕಡೆದ ಕಾಲಿನದು, ತಲೆದೆಸೆಗೆ ನಕ್ಷಿ ಇರುವುದು, ಮೇಲೆ ಸೊಳ್ಳೆ ಪರದೆಗೆ ಕಂಬ ಇದ್ದರೂ ಇರಬಹುದು. ಕಾಟು ಅಂದರೆ ಸಾದಾ, ಅಗಲ ಹಲಗೆ ಹೊಡೆದದ್ದು. ಹಾಗಿದ್ದರೆ ನಾನು ಕೂಡಿಸುವುದೆಲ್ಲ ಕಾಟು ಆಗಬೇಕು. ಆದರೆ ಫೋನಿನಲ್ಲಿ ಮಾರುವವರು “ಪಲ್ಲಂಗ ಐತ್ರಿ” ಅಂದಾಗ ಹೋಗಿ ನೋಡಿದರೆ ಒಮ್ಮೊಮ್ಮೆ ಅಪ್ಪಟ ಸಾದಾ ಮಂಚ ಇರುತ್ತದೆ. ಇಬ್ಬರು ಮಲಗುವಷ್ಟು ಅಗಲ ಇದ್ದರೆ ಸಾಕು, ಅದು ಪಲ್ಲಂಗ ಅಂತ ಕೆಲವರ ಲೆಕ್ಕ. ಗದಗ, ರೋಣ, ಹಾವೇರಿ ಕಡೆ ಹೇಗೆ? ಅಗಲದ ಮೇಲೆ ಹೆಸರೋ, ಕೆಲಸದ ಮೇಲೆ ಹೆಸರೋ? ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಯಾಕಂದರೆ ಬೆಲೆ ಈ ಪದದ ಮೇಲೇ ಏರಿಳಿಯುತ್ತದೆ.

ಧಾರವಾಡದ ಮಾಳಮಡ್ಡಿಯ ಒಂದು ಹಳೇ ಮನೆಯಿಂದ ಬಂದ ಮಂಚ ಈಗ ನನ್ನ ಮುಂದಿದೆ. ಕಾಲು ಮೇಲೆ ದಪ್ಪ, ಕೆಳಗೆ ಹೋಗುತ್ತ ಸಣ್ಣ, ಜೊತೆಗೆ ಸ್ವಲ್ಪ ಹೊರಗೆ ಚಾಚಿದೆ. ತುದಿಗೆ ಹಿತ್ತಾಳೆ ಬಳೆ. ತಲೆದೆಸೆಯಲ್ಲಿ ಚೌಕಟ್ಟಿನೊಳಗೆ ಬೆತ್ತದ ಹೆಣಿಗೆ, ಒಂದು ಮೂಲೆಯಲ್ಲಿ ಬೆತ್ತ ಹರಿದು ಅಲ್ಲಿ ಯಾರೋ ನೈಲಾನ್ ದಾರ ಹಾಕಿ ಬಿಗಿದಿದ್ದಾರೆ. ಅಡಿಯಲ್ಲಿ ಬಿಳಿ ಬಣ್ಣದಲ್ಲಿ ಒಂದು ನಂಬರು, ಅರ್ಧ ಅಳಿಸಿದೆ, ಯಾವುದೋ ಆಫೀಸಿನದು ಇರಬೇಕು. ಇದರ ಭಾಗಗಳಿಗೆ ಪದ ಹುಡುಕಿದಾಗ ಖುಷಿಯಾಯಿತು. ಹೆಡ್‌ಬೋರ್ಡಿಗೆ ‘ತಲೆದೆಸೆ ಹಲಗೆ’, ಆ ಕಡೆಯದಕ್ಕೆ ‘ಕಾಲ್ದೆಸೆ ಹಲಗೆ’. ತಲೆದೆಸೆ, ಕಾಲ್ದೆಸೆ ಎರಡೂ ಅಪ್ಪಟ ನಮ್ಮವು, ಯಾರಿಗೂ ವಿವರಿಸಬೇಕಿಲ್ಲ. ಹಿತ್ತಾಳೆ ಬಳೆಗೆ ‘ಅಣಸು’. ಒನಕೆಯ ತುದಿಗೆ ಹಾಕುವ ಲೋಹದ ಬಳೆಗೆ ಅಣಸು ಅನ್ನುತ್ತಾರಲ್ಲ, ಅದೇ. ಮಂಚದ ಕಾಲಿಗೂ ಅದೇ ಕೆಲಸ, ತುದಿ ಸೀಳದಂತೆ ಹಿಡಿಯುವುದು. ಒನಕೆ ಮನೆಯಿಂದ ಹೋಯಿತು, ಪದ ಉಳಿಯಲಿ ಅಂತ ನಾನು ಧೈರ್ಯವಾಗಿ ಬಳಸುತ್ತಿದ್ದೇನೆ. ಹೊರಗೆ ಚಾಚಿದ ಕಾಲಿಗೆ ‘ಚಾಚುಗಾಲು’ ಅಂತ ನಾನೇ ಕಟ್ಟಿದ್ದೇನೆ. ಕಿವಿಗೆ ಹಿತವೋ ಇಲ್ಲವೋ ನೀವೇ ಹೇಳಬೇಕು.

ಡ್ರಾವರಿಗೆ ಏನನ್ನೋಣ? ನಿಘಂಟಿನ ಸೆಳೆಖಾನೆ ಚೆನ್ನಾಗಿದೆ, ಆದರೆ ಯಾರೂ ಆಡಿದ್ದು ಕೇಳಿಲ್ಲ. ಮರಾಠಿಯಲ್ಲಿ ‘ಖಣ’ ಅಂದರೆ ಕುಪ್ಪಸದ ಬಟ್ಟೆಯೂ ಹೌದು, ಡ್ರಾವರೂ ಹೌದು. ಗುಳೇದಗುಡ್ಡದ ಖಣ ನಮಗೆ ಗೊತ್ತೇ ಇದೆ. ಎರಡನೇ ಅರ್ಥದಲ್ಲಿ, “ಮೇಲಿನ ಖಣದಾಗ ಐತಿ ನೋಡು” ಅನ್ನುವ ಹಾಗೆ, ನಿಮ್ಮ ಮನೆಯ ಹಿರಿಯರು ಕನ್ನಡದಲ್ಲಿ ಆಡಿದ್ದು ನೆನಪಿದೆಯಾ?

ಕಪಾಟಿನ ಕತೆ ಇನ್ನೂ ಸ್ವಾರಸ್ಯ. ಸಂಸ್ಕೃತದ ಕಪಾಟ, ಕವಾಟ ಅಂದರೆ ಬಾಗಿಲು. ಗೋಡೆಯಲ್ಲಿ ಗೂಡು ಬಿಟ್ಟು ಅದಕ್ಕೆ ಕದ ಹಚ್ಚಿದರು, ಕದದ ಹೆಸರು ಗೂಡಿಗೆ ಬಂತು, ಆಮೇಲೆ ಗೋಡೆಯಿಂದ ಹೊರಬಂದು ಕಾಲ ಮೇಲೆ ನಿಂತದ್ದಕ್ಕೂ ಅದೇ ಹೆಸರು. ಕಬ್ಬಿಣದ ಕಪಾಟಿಗೆ ಮಾತ್ರ ನಮ್ಮಲ್ಲಿ ತಿಜೋರಿ. ಬೇರೆ ಕಡೆ ತಿಜೋರಿ ಅಂದರೆ ಹಣ, ಬಂಗಾರ ಇಡುವ ಭದ್ರ ಪೆಟ್ಟಿಗೆ. ಇಲ್ಲಿ ಸೀರೆ ಇಟ್ಟರೂ ತಿಜೋರಿ. ಗೋದ್ರೆಜ್‌ನವರು 1897ರಲ್ಲಿ ಬೀಗದಿಂದ ಶುರುಮಾಡಿ, ಆಮೇಲೆ ಭದ್ರ ಪೆಟ್ಟಿಗೆ, 1923ರಲ್ಲಿ ಉಕ್ಕಿನ ಕಪಾಟು ಮಾಡತೊಡಗಿದರು. ಒಂದೇ ಕಂಪನಿಯ ಎರಡು ಸಾಮಾನು, ಎರಡಕ್ಕೂ ದಪ್ಪ ಹಿಡಿಕೆ, ಒಳಗೊಂದು ಬೀಗದ ಗೂಡು. ಹೆಸರು ಒಂದರಿಂದ ಇನ್ನೊಂದಕ್ಕೆ ಜಾರಿರಬಹುದು ಅಂತ ನನ್ನ ಊಹೆ.

ಬೆಂಗಳೂರು-ಮೈಸೂರಿನವರ ‘ಬೀರು’ ಬ್ಯೂರೋದಿಂದ ಬಂದದ್ದು. ಅಮೆರಿಕದಲ್ಲಿ ಬ್ಯೂರೋ ಅಂದರೆ ಮಲಗುವ ಕೋಣೆಯಲ್ಲಿ ಬಟ್ಟೆ ಇಡುವ, ಡ್ರಾವರು ಸಾಲಿನ ಪೆಟ್ಟಿಗೆ. ಅಲ್ಲಿನ ಸಂಗ್ರಾಹಕರು ಮೊದಲು ಹುಡುಕುವ ಸಾಮಾನುಗಳಲ್ಲಿ ಅದೊಂದು, ಈಗ ಹೆಚ್ಚಾಗಿ ಡ್ರೆಸರ್ ಅನ್ನುತ್ತಾರೆ. ಅಗಲ, ಗಿಡ್ಡ ಇದ್ದರೆ ಡ್ರೆಸರ್, ಎತ್ತರ ಇದ್ದರೆ ಹೈಬಾಯ್. ಬ್ರಿಟಿಷರ ಡ್ರೆಸರ್ ಅಡುಗೆಮನೆಯ ಪಿಂಗಾಣಿ ಇಡುವ ಸ್ಟ್ಯಾಂಡು. ನಮ್ಮವರ ಡ್ರೆಸರ್ ಅಂದರೆ ಕನ್ನಡಿ ಟೇಬಲ್ಲು. ಆನ್‌ಲೈನಿನಲ್ಲಿ ಹುಡುಕುವವರು ಈ ಮೂರನ್ನೂ ಬೇರೆ ಮಾಡಿ ನೋಡಬೇಕು. ಡ್ರಾವರು ಸಾಲಿನ ಪೆಟ್ಟಿಗೆಗೆ ನಮ್ಮಲ್ಲಿ ಪದ ಇಲ್ಲದಿರುವುದಕ್ಕೆ ಕಾರಣ ಆ ಸಾಮಾನೇ ನಮ್ಮಲ್ಲಿ ಬೇರೂರದಿದ್ದದ್ದು. ಸೀರೆ, ಧೋತರ ಮಡಚಿ ಟ್ರಂಕಿನಲ್ಲೋ ಸಂದೂಕದಲ್ಲೋ ಇಡುವವರಿಗೆ ಎಂಟು ಡ್ರಾವರು ಯಾಕೆ ಬೇಕು? ಹಾಸಿಗೆ ಪಕ್ಕದ ಸಣ್ಣ ಟೇಬಲ್ಲಿಗೆ ಮಾತ್ರ ‘ಟೀಪಾಯಿ’ ಸಾಕು ಅನ್ನಿಸುತ್ತದೆ. ಅದಕ್ಕೂ ಚಹಾಕ್ಕೂ ಸಂಬಂಧ ಇಲ್ಲ, ಹಿಂದಿಯ ತಿಪಾಯಿ, ಮೂರು ಕಾಲಿನದು. ಈಗ ನಾಲ್ಕು ಕಾಲಿದ್ದರೂ ಹೆಸರು ನಡೆಯುತ್ತದೆ.

ಕಡೆಗೆ ಎರಡು ಬಳಕೆಗಳ ಬಗ್ಗೆ ನನ್ನ ತಕರಾರು. ಒಂದು, ‘ಆಂಟಿಕ್’. ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಹಳೆಯದೆಲ್ಲ ಆಂಟಿಕ್. ನಮ್ಮ 1972ರ ಪುರಾತನ ವಸ್ತುಗಳ ಕಾಯಿದೆಯಲ್ಲಿ ಇಂಥ ಸಾಮಾನು ಪುರಾತನ ಅನ್ನಿಸಿಕೊಳ್ಳಬೇಕಾದರೆ ನೂರು ವರ್ಷ ಆಗಿರಬೇಕು. 1958ರ ಕಾಟು ಆ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ‘ಹಳೇಕಾಲದ್ದು’ ಸಾಕು. ಇನ್ನೊಂದು, ‘ಚಂಡೀಗಡ’. ವಾಸ್ತುಶಿಲ್ಪಿ ಪಿಯೆರ್ ಜೀನರೆ 1950ರ ದಶಕದಲ್ಲಿ ಚಂಡೀಗಡದ ಸರ್ಕಾರಿ ಕಟ್ಟಡಗಳಿಗೆ ಸಾಗವಾನಿ, ಬೆತ್ತದಲ್ಲಿ ಮಾಡಿಸಿದ ಸಾಮಾನು ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗತೊಡಗಿದ ಮೇಲೆ, 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು ಹೊರಗೆ ಸಾಗಿಸದಂತೆ ಆದೇಶ ಮಾಡಿತು. ಈಗ ಬೆತ್ತ ಇದ್ದು ಕಾಲು ಓರೆ ಇದ್ದರೆ ಸಾಕು, ‘ಚಂಡೀಗಡ ಮಾಡೆಲ್’ ಅಂತ ಬೆಲೆ ಏರಿಸುತ್ತಾರೆ. ಇಲ್ಲಿಯ ಬಡಿಗ ದಾಂಡೇಲಿ ಮರದಲ್ಲಿ ಇಲ್ಲಿಯ ಅಳತೆಗೆ ಮಾಡಿದ್ದಕ್ಕೆ ಬೇರೆ ಊರಿನ ಹೆಸರು ಯಾಕೆ? ನನಗಂತೂ ಬೇಸರವಾಗುತ್ತದೆ. ಅದನ್ನು ‘ಬೆತ್ತದ ಸಾದಾ ಕೆಲಸ, ಧಾರವಾಡ’ ಅಂತಲೇ ಬರೆಯುತ್ತೇನೆ.

ಪಲ್ಲಂಗ-ಕಾಟು ಭೇದ ಮತ್ತು ಖಣ, ಈ ಎರಡಕ್ಕೆ ಮೊದಲು ಉತ್ತರ ಬೇಕಾಗಿದೆ. ಊರಿನ ಹೆಸರು, ಆಡಿದವರ ಸುಮಾರು ವಯಸ್ಸು ಸೇರಿಸಿ ಬರೆದರೆ ಬಹಳ ಉಪಕಾರ. ಬಡಿಗತನ ಮಾಡುವ ಮನೆಯವರು ಯಾರಾದರೂ ಇದ್ದರೆ, ಡ್ರಾವರಿನ ಮೂಲೆಯಲ್ಲಿ ಎರಡು ಹಲಗೆ ಪಾರಿವಾಳದ ಬಾಲದ ಆಕಾರದ ಹಲ್ಲಿನಿಂದ ಒಂದಕ್ಕೊಂದು ಕಚ್ಚಿಕೊಳ್ಳುವ ಜೋಡಣೆಗೆ ನಿಮ್ಮಲ್ಲಿ ಏನನ್ನುತ್ತಾರೆ ಅಂತ ದಯವಿಟ್ಟು ತಿಳಿಸಿ.