ಗೆಳೆಯನಿಗೆ ಬರೆದುಕೊಡಲು ಯಾವ ಯೋಜಿಜುಕುಗೊ (ನಾಲ್ಕಕ್ಷರದ ಜಪಾನಿ ನುಡಿಗಟ್ಟು) ತಕ್ಕದ್ದು?

ಪ್ರಶ್ನೆ: ಕಾಂಜಿ ವಿದ್ಯಾರ್ಥಿ

ಜಪಾನಿ ಭಾಷೆಯನ್ನು ಚೆನ್ನಾಗಿ ಬಲ್ಲವರಲ್ಲಿ ಒಂದು ವಿನಂತಿ. ನಾನೂ ನನ್ನ ಗೆಳೆಯನೊಬ್ಬನೂ ಬೆಂಗಳೂರಿನಲ್ಲಿ ನಾಲ್ಕು ವರ್ಷಗಳಿಂದ ಒಟ್ಟಿಗೆ ಜಪಾನಿ ಕಲಿಯುತ್ತಿದ್ದೇವೆ. ಕಳೆದ ಡಿಸೆಂಬರಿನಲ್ಲಿ ಅವನು ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಾದ ಜೆಎಲ್‌ಪಿಟಿಯ ಎನ್2 ಹಂತವನ್ನು ಎರಡನೆಯ ಬಾರಿ ಬರೆದ. ಒಟ್ಟು 180 ಅಂಕಗಳಲ್ಲಿ ತೇರ್ಗಡೆಗೆ 90 ಸಾಕು, ಅವನಿಗೆ 101 ಬಂದಿತ್ತು. ಆದರೆ ಪ್ರತಿ ವಿಭಾಗದಲ್ಲಿಯೂ 60ಕ್ಕೆ ಕನಿಷ್ಠ 19 ಇರಲೇಬೇಕೆಂಬ ನಿಯಮವಿರುವುದರಿಂದ, ಆಲಿಸುವಿಕೆಯಲ್ಲಿ 17ಕ್ಕೆ ನಿಂತವನು ಅನುತ್ತೀರ್ಣನಾದ. ಅದೇ ದಿನ, ಅದೇ ಕೊಠಡಿಯಲ್ಲಿ ಬರೆದ ನಾನು ಹೇಗೋ ದಾಟಿಕೊಂಡೆ. ಈ ಕಾರಣದಿಂದಲೇ ಅವನಿಗೆ ಬಾಯಿಮಾತಿನಲ್ಲಿ ಸಮಾಧಾನ ಹೇಳಲು ನನಗೆ ಸಂಕೋಚವಾಗುತ್ತಿದೆ.

ಅವನ ಹುಟ್ಟುಹಬ್ಬಕ್ಕೆ ಒಂದು ಶಿಕಿಶಿ (ಕುಂಚದ ಬರಹಕ್ಕೆಂದೇ ಇರುವ ದಪ್ಪ ಕಾಗದದ) ಹಲಗೆಯ ಮೇಲೆ ಕುಂಚದಿಂದ ನಾಲ್ಕಕ್ಷರದ ನುಡಿಗಟ್ಟೊಂದನ್ನು ಬರೆದುಕೊಡಬೇಕೆಂದಿದ್ದೇನೆ. ‘ಗಾಶಿನ್ ಶೋತಾನ್’, ‘ಫುನ್ಕೊತ್ಸು ಸೈಶಿನ್’, ‘ಶಿಚಿತೆನ್ ಹಕ್ಕಿ’ ಎಂಬ ಮೂರನ್ನು ಆರಿಸಿಟ್ಟುಕೊಂಡಿದ್ದೇನೆ. ನನ್ನ ನಿಘಂಟು ಮೂರಕ್ಕೂ ಹೆಚ್ಚುಕಡಿಮೆ ‘ಎಡೆಬಿಡದ ಪ್ರಯತ್ನ’ ಎಂಬ ಒಂದೇ ಅರ್ಥವನ್ನು ಕೊಡುತ್ತದೆ. ಇವುಗಳ ಧ್ವನಿಯಲ್ಲಿ ವ್ಯತ್ಯಾಸವಿದೆಯೇ?

ಉತ್ತರ: ನಗೋಯಾ ವಾಸಿ

ವ್ಯತ್ಯಾಸ ಬಹಳವಿದೆ. ಮೊದಲನೆಯದನ್ನು ದಯವಿಟ್ಟು ಬರೆಯಬೇಡಿ.

‘ಗಾಶಿನ್ ಶೋತಾನ್’ ಎಂದರೆ ಸೌದೆಯ ಮೇಲೆ ಮಲಗುವುದು, ಪಿತ್ತವನ್ನು ನೆಕ್ಕುವುದು. ಇದು ಪ್ರಾಚೀನ ಚೀನಾದ ವೂ ಮತ್ತು ಯುಎ ರಾಜ್ಯಗಳ ಹಗೆಯ ಕಥೆ. ತಂದೆಯ ಸಾವಿಗೆ ಸೇಡು ತೀರಿಸಬೇಕೆಂಬುದು ಮರೆತುಹೋಗದಿರಲಿ ಎಂದು ವೂ ದೇಶದ ಅರಸ ಫುಚಾಯ್ ಸೌದೆಯ ರಾಶಿಯ ಮೇಲೆ ಮಲಗುತ್ತಿದ್ದನಂತೆ; ಅವನ ಕೈಯಲ್ಲಿ ಸೋತು ಅವಮಾನಿತನಾದ ಯುಎಯ ಗೌಜಿಯಾನ್ ಪ್ರತಿದಿನ ಕಹಿಪಿತ್ತವನ್ನು ನೆಕ್ಕಿ ತನ್ನ ಸೋಲನ್ನು ನೆನಪಿಸಿಕೊಳ್ಳುತ್ತ, ಕೊನೆಗೆ ಕ್ರಿ.ಪೂ. 473ರಲ್ಲಿ ವೂ ರಾಜ್ಯವನ್ನೇ ಅಳಿಸಿಹಾಕಿದ. ಜಪಾನಿನಲ್ಲಿ ಈ ಮಾತು ಜನಸಾಮಾನ್ಯರ ಬಾಯಿಗೆ ಬಂದದ್ದು 1895ರಲ್ಲಿ. ಚೀನಾದ ಮೇಲೆ ಯುದ್ಧ ಗೆದ್ದು ಪಡೆದ ಲಿಯಾವೊದೊಂಗ್ ಪರ್ಯಾಯ ದ್ವೀಪವನ್ನು ರಷ್ಯಾ, ಜರ್ಮನಿ, ಫ್ರಾನ್ಸ್‌ಗಳ ಒತ್ತಡಕ್ಕೆ ಮಣಿದು ಹಿಂತಿರುಗಿಸಬೇಕಾಗಿ ಬಂದಾಗ, ‘ಈಗ ನುಂಗಿಕೊಳ್ಳೋಣ, ಮುಂದೆ ನೋಡಿಕೊಳ್ಳೋಣ’ ಎಂಬ ಭಾವದ ಘೋಷಣೆಯಾಗಿ ಇದು ದೇಶವೆಲ್ಲ ಹರಡಿತು. 1904ರಲ್ಲಿ ರಷ್ಯಾದೊಡನೆ ಯುದ್ಧವೇ ಆಯಿತು. ಇಂದು ಕ್ರೀಡಾ ವರದಿಗಳಲ್ಲಿ ಸೋತ ತಂಡದ ಬಗ್ಗೆ ಇದನ್ನು ಹಗುರವಾಗಿಯೂ ಬಳಸುವುದುಂಟು, ನಿಜ. ಆದರೂ ಅದರೊಳಗಿನ ಸೇಡಿನ ಕಾವು ಆರಿಲ್ಲ. ದ್ರೌಪದಿ ಮುಡಿ ಕಟ್ಟದೆ ಉಳಿದದ್ದನ್ನು ನಾವು ಛಲವೆನ್ನುತ್ತೇವೆಯೇ ಹೊರತು ತಾಳ್ಮೆ ಎನ್ನುವುದಿಲ್ಲವಲ್ಲ, ಹಾಗೆ. ಆಲಿಸುವಿಕೆಯ ಪ್ರಶ್ನೆಪತ್ರಿಕೆಯ ಮೇಲೆ ನಿಮ್ಮ ಗೆಳೆಯರು ಯಾವ ಹಗೆ ತೀರಿಸಬೇಕು?

‘ಫುನ್ಕೊತ್ಸು ಸೈಶಿನ್’ ಎಂದರೆ ಮೂಳೆಯನ್ನು ಪುಡಿಮಾಡಿ, ಮೈಯನ್ನು ನುಚ್ಚುನೂರಾಗಿಸಿ ದುಡಿಯುವುದು. ಇದು ಹೆಚ್ಚಾಗಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು. ಹೊಸ ಹುದ್ದೆ ಸ್ವೀಕರಿಸಿದವನು ‘ಫುನ್ಕೊತ್ಸು ಸೈಶಿನ್‌ನಿಂದ ದುಡಿಯುತ್ತೇನೆ’ ಎಂದರೆ ಅದು ವಿನಯ. ಪರೀಕ್ಷೆಯಲ್ಲಿ ಗೆದ್ದವನು ಸೋತವನಿಗೆ ‘ನೀನು ಮೂಳೆ ಪುಡಿಮಾಡಿಕೊ’ ಎಂದು ಚೌಕಟ್ಟು ಹಾಕಿಸಿ ಕೊಟ್ಟರೆ ಅದಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ಉತ್ತರ: ಗೊಂಬೆ ಸಂಗ್ರಾಹಕ

ನಿಮ್ಮ ಮೂರನೆಯ ಆಯ್ಕೆ ನಿರಪಾಯವಾದದ್ದು. ಇಲ್ಲಿನ ‘ಹಕ್ಕಿ’ ನಮ್ಮ ಹಕ್ಕಿಯಲ್ಲ ಎಂಬುದನ್ನು ಮಾತ್ರ ಮನೆಯವರಿಗೆ ವಿವರಿಸಬೇಕಾಗುತ್ತದೆ. ನನ್ನ ತಾಯಿ ಇಂದಿಗೂ ಅದನ್ನು ಯಾವುದೋ ಜಪಾನಿ ಪಕ್ಷಿಯೆಂದೇ ತಿಳಿದಿದ್ದಾರೆ. ‘ಹಾಚಿ’ ಎಂದರೆ ಎಂಟು, ‘ಕಿ’ ಎಂದರೆ ಏಳುವುದು; ಎರಡೂ ಸೇರಿ ‘ಹಕ್ಕಿ’ ಆಗಿದೆ. ಏಳು ಬಾರಿ ಬಿದ್ದರೆ ಎಂಟು ಬಾರಿ ಏಳುವುದು ಹೇಗೆ ಎಂದು ಲೆಕ್ಕ ಕೇಳುವವರಿಗೆ, ಮನುಷ್ಯ ಮೊದಲ ಬಾರಿ ಎದ್ದು ನಿಂತದ್ದನ್ನೂ ಸೇರಿಸಿಕೊಳ್ಳಬೇಕೆಂದು ಕೆಲವರು ಸಮಾಧಾನ ಹೇಳುತ್ತಾರೆ.

ಈ ನುಡಿಗಟ್ಟಿಗೆ ಅಂಟಿಕೊಂಡಿರುವ ವಸ್ತುವೆಂದರೆ ದರುಮ ಗೊಂಬೆ. ಗುನ್ಮಾ ಪ್ರಾಂತದ ತಕಾಸಾಕಿ ನಗರ ಇದರ ತಯಾರಿಕೆಗೆ ಹೆಸರಾದದ್ದು. ತಳಭಾರವಿರುವುದರಿಂದ ಎಷ್ಟು ತಳ್ಳಿದರೂ ನಮ್ಮ ತಂಜಾವೂರು ಗೊಂಬೆಯಂತೆ ನೆಟ್ಟಗಾಗುತ್ತದೆ. ಹರಕೆ ಹೊತ್ತಾಗ ಒಂದು ಕಣ್ಣು ಬರೆದು, ಅದು ಈಡೇರಿದ ಮೇಲೆ ಇನ್ನೊಂದು ಕಣ್ಣನ್ನು ತುಂಬುವುದು ವಾಡಿಕೆ. ದರುಮ ಎಂದರೆ ಬೋಧಿಧರ್ಮ. ಅವನು ದಕ್ಷಿಣ ಭಾರತದಿಂದ ಹೋದವನೆಂಬುದು ಪರಂಪರೆಯ ನಂಬಿಕೆ, ಕಾಂಚಿಯ ರಾಜಕುಮಾರನೆಂದು ಹೇಳುವವರೂ ಇದ್ದಾರೆ. ಚೀನಾದ ಶಾವೊಲಿನ್‌ನಲ್ಲಿ ಅವನು ಒಂಬತ್ತು ವರ್ಷ ಗೋಡೆಗೆ ಮುಖಮಾಡಿ ಧ್ಯಾನದಲ್ಲಿ ಕುಳಿತನೆಂಬ ಐತಿಹ್ಯದಿಂದ ‘ಮೆನ್ಪೆಕಿ ಕುನೆನ್’ ಎಂಬ ಮತ್ತೊಂದು ನಾಲ್ಕಕ್ಷರದ ಮಾತು ಹುಟ್ಟಿದೆ. ಕುಳಿತು ಕುಳಿತು ಅವನ ಕೈಕಾಲುಗಳೇ ಸವೆದುಹೋದವಂತೆ. ಗೊಂಬೆಗೆ ಕೈಕಾಲುಗಳಿಲ್ಲದಿರುವುದಕ್ಕೆ ಹೇಳುವ ಕಾರಣ ಇದೇ.

ಒಂದು ಎಚ್ಚರಿಕೆ ಹೇಳಲೇಬೇಕು. ‘ಶಿಚಿತೆನ್ ಹಕ್ಕಿ’ಯ ಕೊನೆಯ ಅಕ್ಷರ ‘ಎದ್ದೇಳು’ ಎಂಬುದು. ಅದರ ಜಾಗದಲ್ಲಿ ‘ಉರುಳಿ ಬೀಳು’ ಎಂಬ ಅಕ್ಷರವನ್ನು ಬರೆದರೆ ‘ಶಿಚಿತೆನ್ ಬತ್ತೊ’ ಆಗುತ್ತದೆ. ಏಳು ಬಾರಿ ಹೊರಳಿ ಎಂಟು ಬಾರಿ ಉರುಳಿ, ನೋವಿನಿಂದ ಒದ್ದಾಡುವುದು ಎಂದು ಅದರ ಅರ್ಥ. ಬರೆದ ಮೇಲೆ ಯಾರಿಗಾದರೂ ಒಮ್ಮೆ ತೋರಿಸಿ.

ಉತ್ತರ: ಸುಮೊ ಪ್ರೇಕ್ಷಕ

ಈ ನುಡಿಗಟ್ಟುಗಳನ್ನು ಜಪಾನಿಯರು ಎಲ್ಲಿ ಗಂಭೀರವಾಗಿ ಬಳಸುತ್ತಾರೆಂದು ನೋಡಬೇಕಾದರೆ ಸುಮೊ ಕುಸ್ತಿಯ ಬಡ್ತಿ ಸಮಾರಂಭವನ್ನು ಗಮನಿಸಬೇಕು. ಪೈಲ್ವಾನನನ್ನು ಅತ್ಯುನ್ನತವಾದ ಯೊಕೊಜುನ ಅಥವಾ ಅದರ ಕೆಳಗಿನ ಓಜೆಕಿ ಪದವಿಗೆ ಏರಿಸಿದಾಗ ಸುಮೊ ಸಂಘದ ದೂತರು ಅವನ ಬಳಿಗೆ ಬಂದು ಸುದ್ದಿ ತಿಳಿಸುತ್ತಾರೆ. ಅವನು ನೆಲಕ್ಕೆ ಬಾಗಿ ಕೊಡುವ ಕಿರು ಉತ್ತರದಲ್ಲಿ ಇಂಥದ್ದೊಂದು ಮಾತನ್ನು ಹೇಳುವುದು ರೂಢಿಗೆ ಬಂದಿದೆ. 1993ರಲ್ಲಿ ತಕಾನೊಹಾನಾ ಓಜೆಕಿಯಾದಾಗ ‘ಫುತೊ ಫುಕುತ್ಸು’ ಎಂದ, ಅಂದರೆ ಬಾಗದಿರುವುದು, ಮಣಿಯದಿರುವುದು. ಅದೇ ವರ್ಷ ಅವನ ಅಣ್ಣ ವಕಾನೊಹಾನಾ ‘ಇಚಿಇ ಸೆನ್ಶಿನ್’, ಎಂದರೆ ಒಂದೇ ಮನಸ್ಸು, ಎಂದ. ಮಂಗೋಲಿಯಾದಲ್ಲಿ ಹುಟ್ಟಿದ ಹಕುಹೊ 2007ರಲ್ಲಿ ಯೊಕೊಜುನ ಆದಾಗ ಆಯ್ದುಕೊಂಡದ್ದು ‘ಸೆಯ್ಶಿನ್ ಇತ್ತೊ’. ಮನಸ್ಸನ್ನು ಒಂದೆಡೆ ನಿಲ್ಲಿಸಿದರೆ ಆಗದ್ದೇನಿದೆ ಎಂಬ ಚೀನಾದ ತತ್ತ್ವಜ್ಞಾನಿ ಝೂ ಷಿಯ ಮಾತಿನ ತುಣುಕು ಅದು. ಇವೆಲ್ಲ ಗೆದ್ದವರು ಗೆದ್ದ ದಿನ ಆಡಿದ ಮಾತುಗಳೆಂಬುದೇನೋ ನಿಜ. ಆದರೂ ‘ಫುತೊ ಫುಕುತ್ಸು’ ನನ್ನ ಅಚ್ಚುಮೆಚ್ಚಿನದು.

ಮರುಪ್ರಶ್ನೆ: ಕಾಂಜಿ ವಿದ್ಯಾರ್ಥಿ

ಎಲ್ಲರಿಗೂ ಕೃತಜ್ಞತೆಗಳು. ಗಾಶಿನ್ ಶೋತಾನ್ ಬರೆಯಲು ಕಾಗದವನ್ನೂ ಕೊಂಡಾಗಿತ್ತು, ನಗೋಯಾದವರು ಉಳಿಸಿದಿರಿ. ‘ತೈಕಿ ಬಾನ್ಸೆಯ್’ ಹೇಗೆ? ದೊಡ್ಡ ಪಾತ್ರೆ ತಡವಾಗಿ ಸಿದ್ಧವಾಗುತ್ತದೆ ಎಂಬ ಅದರ ಭಾವ ನನಗೆ ಹಿಡಿಸಿತು. ‘ಇಶ್ಶೊಕೆನ್ಮೆಯ್’, ಅಂದರೆ ಪ್ರಾಣ ಒತ್ತೆಯಿಟ್ಟಂತೆ ಶ್ರಮಿಸುವುದು, ತೀರ ಸಾಮಾನ್ಯವಾಗುತ್ತದೆಯೇ?

ಉತ್ತರ: ನಗೋಯಾ ವಾಸಿ

‘ತೈಕಿ ಬಾನ್ಸೆಯ್’ ಪ್ರಾಚೀನ ಚೀನಾದ ಜ್ಞಾನಿ ಲಾವೊತ್ಸೆಯ ಮಾತು, ಬಲು ಚೆಲುವಾದದ್ದು. ಆದರೆ ಮೊದಲೇ ದಾಟಿದವನು ಹಿಂದುಳಿದವನಿಗೆ ಕೊಟ್ಟಾಗ ‘ದೊಡ್ಡ ಪಾತ್ರೆ’ ಎಂಬುದು ಕಿವಿಗೆ ಬೀಳುವುದಿಲ್ಲ, ‘ತಡ’ ಎಂಬುದಷ್ಟೇ ಬೀಳುತ್ತದೆ. ಗುರುಗಳೋ ಅಜ್ಜನೋ ಹೇಳಿದರೆ ಅದಕ್ಕೆ ಶೋಭೆ.

‘ಇಶ್ಶೊಕೆನ್ಮೆಯ್’ ಸಾಮಾನ್ಯವೆಂಬುದು ನಿಜ. ಬಾಲವಾಡಿಯ ಮಗುವಿನ ಓಟಕ್ಕೂ ಅದನ್ನೇ ಹೇಳುತ್ತಾರೆ. ಅದರ ಹಳೆಯ ರೂಪದಲ್ಲಿ ‘ಒಂದು ಬದುಕು’ ಎಂಬುದರ ಬದಲಿಗೆ ‘ಒಂದು ಸ್ಥಳ’ ಎಂದಿತ್ತು. ಮಧ್ಯಯುಗದ ಸಮುರಾಯಿ ತನ್ನ ಪಾಲಿಗೆ ಬಂದ ಒಂದು ತುಂಡು ನೆಲವನ್ನು ಪ್ರಾಣ ಒತ್ತೆಯಿಟ್ಟು ಕಾಯುತ್ತಿದ್ದುದರಿಂದ ಬಂದ ಮಾತದು. ಚೀನಾದ ಗ್ರಂಥಗಳಿಂದ ಬಂದವುಗಳ ನಡುವೆ ಜಪಾನಿನ ಮಣ್ಣಿನಲ್ಲಿಯೇ ಬೆಳೆದ ಮಾತು ಎಂಬ ಕಾರಣಕ್ಕೆ ನನಗೆ ಅದರ ಮೇಲೆ ಪ್ರೀತಿ. ಉಡುಗೊರೆಗೆ ಮಾತ್ರ ನಾನು ಇನ್ನೊಂದನ್ನು ಸೂಚಿಸುತ್ತೇನೆ.

ಇಲ್ಲಿಯವರೆಗೆ ಬಂದವೆಲ್ಲ ಒಬ್ಬಂಟಿಯ ಶ್ರಮದ ಮಾತುಗಳು. ‘ಸೆಸ್ಸ ತಕುಮ’ ಹಾಗಲ್ಲ. ಚೀನಾದ ಅತಿ ಹಳೆಯ ಕವನ ಸಂಗ್ರಹದಲ್ಲಿ ಬರುವ ಈ ಮಾತಿನಲ್ಲಿ ಇರುವುದು ಕುಶಲಕರ್ಮಿಯ ನಾಲ್ಕು ಕೆಲಸಗಳು: ಮೂಳೆಯನ್ನು ಕತ್ತರಿಸುವುದು, ದಂತವನ್ನು ಅರದಿಂದ ಉಜ್ಜುವುದು, ಪಚ್ಚೆಕಲ್ಲನ್ನು ಕೆತ್ತುವುದು, ಶಿಲೆಯನ್ನು ತಿಕ್ಕಿ ನಯಗೊಳಿಸುವುದು. ಜಪಾನಿಯರು ಇದನ್ನು ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತ ಜೊತೆಯಾಗಿ ಮೇಲೇರುವ ಸಹಪಾಠಿಗಳ ಬಗ್ಗೆ ಹೇಳುತ್ತಾರೆ. ಇದನ್ನು ಬರೆದುಕೊಟ್ಟವನು ದಡದಲ್ಲಿ ನಿಂತು ಉಪದೇಶ ಮಾಡಿದಂತಾಗುವುದಿಲ್ಲ, ತಾನೂ ನೀರಿಗೆ ಇಳಿದಂತಾಗುತ್ತದೆ. ಆದ್ದರಿಂದ ಇಳಿಯುವ ಮನಸ್ಸಿದ್ದರೆ ಮಾತ್ರ ಬರೆಯಿರಿ.

ಪ್ರತಿಕ್ರಿಯೆ: ಕಾಂಜಿ ವಿದ್ಯಾರ್ಥಿ

ಜುಲೈನಲ್ಲಿ ನಾನು ಮೇಲಿನ ಹಂತವಾದ ಎನ್1 ಬರೆಯಬೇಕಿದೆ, ಮತ್ತು ನನ್ನ ಆಲಿಸುವಿಕೆಯೂ ಹೇಳಿಕೊಳ್ಳುವಂಥದ್ದಲ್ಲ. ಎನ್2ನಲ್ಲಿ ನನಗೆ ಬಂದದ್ದು 22. ಇದನ್ನು ಅವನಿಗೆ ಈವರೆಗೆ ಹೇಳಿರಲಿಲ್ಲ. ನಿನ್ನೆ ಹೇಳಿದೆ. ಶನಿವಾರ ಬೆಳಿಗ್ಗೆ ಅವನ ಮನೆಯಲ್ಲಿ ಇಬ್ಬರೂ ಒಂದೇ ಧ್ವನಿಮುದ್ರಿಕೆಯನ್ನು ಕೇಳಿ, ಕೇಳಿಸಿದ್ದನ್ನು ಬರೆದು, ಪುಸ್ತಕ ಬದಲಿಸಿಕೊಂಡು ತಿದ್ದುವುದೆಂದು ಮಾತಾಗಿದೆ.

ಸೆಸ್ಸ ತಕುಮವನ್ನೇ ಬರೆಯುತ್ತಿದ್ದೇನೆ. ನಾಲ್ಕು ಅಕ್ಷರಗಳಲ್ಲಿ ಎರಡನೆಯದರ ಎಡಕ್ಕೂ ನಾಲ್ಕನೆಯದರ ಅಡಿಗೂ ‘ಕಲ್ಲು’ ಎಂಬ ಚಿಹ್ನೆ ಕುಳಿತಿದೆ. ಅಡಿಯ ಕಲ್ಲು ಪ್ರತಿ ಸಲವೂ ಹಲಗೆಯ ಅಂಚಿನಿಂದ ಆಚೆಗೆ ಜಾರುತ್ತಿದೆ. ಇದುವರೆಗೆ ಹನ್ನೊಂದು ಹಾಳೆಗಳು ಹಾಳಾಗಿವೆ.