ಅಪ್‌ಡೇಟ್: ಒಣಗುತ್ತಿದ್ದ ದ್ರಾಕ್ಷಿ ಬಳ್ಳಿಗಳು ಈಗ ಹೇಗಿವೆ

ವಿಜಯಪುರದ ನಮ್ಮ ತೋಟದಲ್ಲಿ ಥಾಮ್ಸನ್ ತಳಿಯ ದ್ರಾಕ್ಷಿ ಬಳ್ಳಿಗಳ ತೋಳುಗಳು (ಚಪ್ಪರದ ಮೇಲೆ ಹರಡಿದ ಮುಖ್ಯ ಕೊಂಬೆಗಳು) ಒಂದೊಂದಾಗಿ ಒಣಗುತ್ತಿವೆ, ಏನು ಸಿಂಪಡಿಸಲಿ ಎಂದು ಕಳೆದ ವರ್ಷ ಕೇಳಿದ್ದೆ. ಸಿಂಪಡಣೆ ಬಿಟ್ಟು ಗರಗಸ ಹಿಡಿಯಿರಿ ಎಂದ ಹಿರಿಯರಿಗೆ ಕೈಮುಗಿಯುತ್ತೇನೆ. ಕೊಯ್ದಾಗ ಒಳಗೆ ಬೆಣೆಯಾಕಾರದ ಕಂದು ಕಲೆ ಕಂಡಿತು. ಶಿಲೀಂಧ್ರ ಕಟ್ಟಿಗೆಯೊಳಗೆ ಅಷ್ಟು ಇಳಿದ ಮೇಲೆ ಸಿಂಪಡಣೆ ಅಲ್ಲಿಗೆ ತಲುಪುವುದಿಲ್ಲ. ಏಪ್ರಿಲ್ ಚಾಟನಿಯಲ್ಲಿ (ಬಳ್ಳಿ ಸವರುವಾಗ), ಕಲೆ ಮುಗಿದ ಜಾಗಕ್ಕಿಂತ ಒಂದು ಗೇಣು ಕೆಳಗೆ ಕತ್ತರಿಸಿದೆ. ಗಾಯಕ್ಕೆ ಅಂದೇ ಬೋರ್ಡೋ ಮುಲಾಮು ಬಳಿದೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು. ಕತ್ತರಿಸಿದ ಕಟ್ಟಿಗೆಯನ್ನು ತೋಟದಲ್ಲಿ ಬಿಡದೆ ಸುಟ್ಟೆ.

14 ಬಳ್ಳಿಗಳಲ್ಲಿ 11 ಚಿಗುರಿವೆ! ಥಾಮ್ಸನ್ ಕಸಿ ಕಟ್ಟಿರುವುದು ಡಾಗ್‌ರಿಜ್ ಎಂಬ ಬೇರುಗಿಡದ ಮೇಲೆ; ಆ ಬೇರುಗಿಡದ ಚಿಗುರುಗಳನ್ನು ಕಿತ್ತು, ಕಸಿಯ ಗಂಟಿನ ಮೇಲಿನದನ್ನೇ ಹೊಸ ಕಾಂಡವಾಗಿ ಏರಿಸುತ್ತಿದ್ದೇನೆ. ಉಳಿದ ಮೂರನ್ನು ಬುಡಸಮೇತ ತೆಗೆದೆ. ಅಪ್ಪ ನೆಟ್ಟ ಬಳ್ಳಿಗಳು. ಕೀಳುವಾಗ ಕೈ ನಡುಗಿತು.